ಕೂರೋಕೂ ಅಪಾಯಿಂಟ್‌ಮೆಂಟ್ ಬೇಕಾ?

ಇವತ್ತು ಬೆಳಿಗ್ಗೆ ಗಾಂಧಿಬಜಾರಿನಲ್ಲಿ ಅವರೆಕಾಯಿ ಕೊಂಡೆ. ಕೊಳ್ಳುವ ಉದ್ದೇಶವೇನೂ ಇರಲಿಲ್ಲ, ರೇಷ್ಮೆ ದಾರ ತರಲೆಂದು ಹೋದವಳು ನಾನು. ಫುಟ್‌ಪಾತಿನ ಮೇಲೆ ಗೋಣಿಚೀಲ ಹಾಸಿ ಗುಡ್ಡೆ ಹಾಕಿದ್ದರು. ಪಕ್ಕದಲ್ಲಿ ಹಾದುಹೋಗುವಾಗ ಆ ಸೊಗಡು ಮೂಗಿಗೆ ಬಡಿಯಿತು ನೋಡಿ, ಕಾಲು ನಿಂತೇಬಿಟ್ಟಿತು. ಸೊಗಡಿಲ್ಲದ ಅವರೆಕಾಯಿ ಈಗ ವರ್ಷವಿಡೀ ಸಿಗುತ್ತದೆ, ಅದು ಬರೀ ಹೆಸರಿಗೆ. ಚಳಿಗಾಲದ ಕಾಯಿಯದ್ದೇ ಬೇರೆ. ಮುಟ್ಟಿದರೆ ಸಿಪ್ಪೆಯ ಜಿಡ್ಡು ಕೈಗೆ ಅಂಟಿಕೊಂಡು, ಸೋಪು ಹಾಕಿ ತಿಕ್ಕಿದರೂ ಸಂಜೆಯವರೆಗೆ ಬಿಡುವುದಿಲ್ಲ. ಮನೆಗೆ ಬಂದು ಬಾಗಿಲ ಬೀಗ ತೆಗೆಯುವ ಮೊದಲು ಬೆರಳು ಮೂಸಿ ನೋಡಿಕೊಂಡೆ. ನೆನಪಿಗೆ ಬಂದೇಬಿಟ್ಟರು ನಮ್ಮ ಓನರಮ್ಮ...

ಓನರಮ್ಮ ಅಂದರೆ, ನಾವು ಶಂಕರಪುರಂನಲ್ಲಿ ಮಹಡಿ ಮೇಲೆ ಬಾಡಿಗೆಗಿದ್ದಾಗ ಕೆಳಗಿನ ಮನೆಯಲ್ಲಿದ್ದ ಯಜಮಾನಿ. ಅವರನ್ನು ಹೆಸರು ಹಿಡಿದು ಕರೆದವರನ್ನು ನಾನಂತೂ ಕಾಣೆ. ಬೀದಿಯವರಿಗೆಲ್ಲ ಓನರಮ್ಮ, ಮಾರ್ಕೆಟ್ಟಿನವರಿಗೆ ಮಂಡಿಯಮ್ಮ. ಅವರ ಮನೆಯವರದು ತಲೆಮಾರುಗಳಿಂದ ಸೊಪ್ಪು ತರಕಾರಿಯ ವ್ಯಾಪಾರ. ಗಂಡ ತೀರಿಕೊಂಡ ಮೇಲೆ ಮಂಡಿಯಲ್ಲಿ ಇವರೇ ಕೂತರು. ಕತ್ತಲಿರುವಾಗಲೇ ಹೋಗಿ, ನಾವು ತಿಂಡಿ ತಿನ್ನುವ ಹೊತ್ತಿಗೆ ವ್ಯಾಪಾರ ಮುಗಿಸಿ ಬರುತ್ತಿದ್ದರು. ಭಾರಿ ಶರೀರ, ಅಗಲ ಕುಂಕುಮ, ಬೀದಿಯ ಆ ತುದಿಗೆ ಕೇಳುವ ಗಂಟಲು. ಅವರು ನನ್ನ ಕಿವಿಯಲ್ಲಿ ಗುಟ್ಟು ಹೇಳಿದರೆ ಎದುರುಮನೆಯವರು "ಹೌದಾ?" ಎಂದು ಕೇಳುತ್ತಿದ್ದರು.

ನಾನು ಅದಕ್ಕೆ ತದ್ವಿರುದ್ಧ. ನಮ್ಮ ತವರಿನಲ್ಲಿ ಎಲ್ಲದಕ್ಕೂ 'ಸ್ವಲ್ಪ' ಸೇರಿಸಿ ಮಾತಾಡುವ ರೂಢಿ. ಸ್ವಲ್ಪ ಜ್ವರ ಅಂದರೆ ಮೈ ಕಾದ ಹೆಂಚಾಗಿದೆ ಎಂದು ಅರ್ಥ. ಸ್ವಲ್ಪ ಬೇಜಾರು ಅಂದರೆ ಎರಡು ದಿನದಿಂದ ಅತ್ತಿದ್ದೇವೆ ಎಂದು ಅರ್ಥ. ಬಸ್ಸಿನಲ್ಲಿ ಯಾರಾದರೂ ನಮ್ಮ ಕಾಲು ತುಳಿದರೆ ನಾವೇ ಸಾರಿ ಕೇಳುವ ಪೈಕಿ. ಓನರಮ್ಮನಿಗೆ ಇದು ದೊಡ್ಡ ತಮಾಷೆ. "ನಿಮ್ಮನೆಗೆ ಬೆಂಕಿ ಬಿದ್ರೂ ನೀನು ಫೈರ್ ಇಂಜಿನ್‌ನೋರಿಗೆ ಫೋನ್ ಮಾಡಿ, 'ಸಾರ್, ಇಲ್ಲಿ ಸ್ವಲ್ಪ ಬೆಚ್ಚಗಿದೆ' ಅಂತೀಯ ಕಣೆ" ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಬೈದವರ ಜೊತೆ ಸೇರಿ ನಗುವುದೂ ನಮ್ಮ ಮನೆಯ ರೂಢಿಯೇ.

ಸೀರೆಯ ಸೆರಗಿಗೆ ಕುಚ್ಚು ಕಟ್ಟುವುದು ನನ್ನ ಕೆಲಸ, ಆಗಲೂ ಈಗಲೂ. ಆ ವರ್ಷವೂ ಇಂಥದೇ ಚಳಿ. ಮದುವೆ ಮನೆಯ ರೇಷ್ಮೆ ಸೀರೆಯೊಂದನ್ನು ತೊಡೆಯ ಮೇಲೆ ಹರಡಿಕೊಂಡು ಕೂತಿದ್ದಾಗ ಬಲಗಣ್ಣಿನ ಅಂಚಿನಲ್ಲಿ ಚಕ್ಕನೆ ಏನೋ ಮಿಂಚಿತು. ಯಾರೋ ಫೋಟೊ ತೆಗೆದರೇನೋ ಎಂದು ತಿರುಗಿ ನೋಡಿದೆ, ಯಾರೂ ಇಲ್ಲ. ಮತ್ತೆ ಮತ್ತೆ ಮಿಂಚಿತು. ಆಮೇಲೆ ಒಗ್ಗರಣೆಯ ಸಾಸಿವೆ ಸಿಡಿದ ಹಾಗೆ ಕಣ್ಣ ಮುಂದೆಲ್ಲ ಕಪ್ಪು ಚುಕ್ಕೆಗಳು. ಕೆಲಸ ಜಾಸ್ತಿಯಾಯಿತು, ಕಣ್ಣು ದಣಿದಿದೆ ಅಂದುಕೊಂಡು ಮಲಗಿದೆ.

ಬೆಳಿಗ್ಗೆ ಎದ್ದರೆ ಆ ಕಣ್ಣಿನ ಕೆಳಮೂಲೆಯಲ್ಲಿ ಬೂದು ಬಣ್ಣದ ಪರದೆ. ಉಜ್ಜಿದೆ, ತಣ್ಣೀರು ಹಾಕಿ ತೊಳೆದೆ, ಕನ್ನಡಕ ಒರೆಸಿದೆ. ಹೋಗಲಿಲ್ಲ. ನೋವಂತೂ ಚೂರೂ ಇಲ್ಲ. ಆದರೆ ದಾರದ ತುದಿ ಹಿಡಿದರೆ ಅದು ಕಣ್ಣೆದುರೇ ಮಾಯವಾಗುತ್ತಿತ್ತು. ಕಾಲಿಲ್ಲದಿದ್ದರೂ ಹೇಗೋ ಬದುಕಬಹುದು, ಕಣ್ಣು ಹೋದರೆ ನನ್ನಂಥವಳು ಏನು ಮಾಡುವುದು? ನಮ್ಮೆಜಮಾನರು ಆಫೀಸ್ ಕೆಲಸದ ಮೇಲೆ ಹುಬ್ಬಳ್ಳಿಗೆ ಹೋಗಿದ್ದರು. ಒಬ್ಬಳೇ ಆಟೋ ಹತ್ತಿ, ಹತ್ತಿರದಲ್ಲೇ ಇದ್ದ ಕಣ್ಣಿನ ಆಸ್ಪತ್ರೆಗೆ ಹೋದೆ.

ಕೌಂಟರಿನಲ್ಲಿ ನೀಲಿ ಕೋಟು ಹಾಕಿಕೊಂಡ ಹುಡುಗಿ. ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಕೇಳಿದಳು. "ಏನ್ ಪ್ರಾಬ್ಲಮ್ ಮೇಡಂ?"

"ಸ್ವಲ್ಪ ಕಣ್ಣು ಮಂಜು ಮಂಜು... ಒಂಥರಾ ಅಡ್ಡ ಬಂದ ಹಾಗೆ. ಆಗುತ್ತೆ ಅಂದ್ರೆ ಇವತ್ತೇ ಸ್ವಲ್ಪ ಡಾಕ್ಟ್ರನ್ನ..."

"ನೋವಿದ್ಯಾ?"

"ಇಲ್ಲ."

"ಕೆಂಪಗಾಗಿದ್ಯಾ? ಏನಾದ್ರೂ ಬಿತ್ತಾ?"

"ಇಲ್ಲ."

"ಹಂಗಾದ್ರೆ ಅರ್ಜೆಂಟ್ ಏನಿಲ್ಲ ಬಿಡಿ. ಪವರ್ ಚೇಂಜ್ ಆಗಿರುತ್ತೆ, ಈ ವಯಸ್ಸಲ್ಲಿ ಎಲ್ರಿಗೂ ಆಗುತ್ತೆ. ಮುಂದಿನ ಬುಧವಾರ ಬನ್ನಿ. ಮೊಬೈಲ್ ಜಾಸ್ತಿ ನೋಡ್ಬೇಡಿ."

ಪ್ರತಿ 'ಇಲ್ಲ'ಕ್ಕೂ ನಾನು ಪರೀಕ್ಷೆಯಲ್ಲಿ ಫೇಲಾಗುತ್ತಿದ್ದೆ. ಅಲ್ಲ, ನೋವಿಲ್ಲದ್ದು ನನ್ನ ತಪ್ಪೇ? ಪಕ್ಕಕ್ಕೆ ಸರಿದು ನಿಂತೆ. ಆ ಕಡೆಯಿಂದ ಬಂದ ನರ್ಸ್ ಒಬ್ಬರನ್ನು "ಸಿಸ್ಟರ್..." ಅಂದೆ. "ಕೌಂಟರಲ್ಲಿ ಕೇಳಿ" ಎಂದು ನಡೆದೇ ಹೋದರು. ಮತ್ತೆ ಕೌಂಟರಿಗೆ ಬಂದರೆ, "ಈಗ್ತಾನೆ ಹೇಳಿದ್ನಲ್ಲ ಮೇಡಂ" ಎಂದಳು ಹುಡುಗಿ. ಹಿಂದೆ ನಿಂತಿದ್ದವರು ಬೇಗ ಮುಗಿಸಿ ಎನ್ನುವ ಹಾಗೆ ಗಂಟಲು ಸರಿಮಾಡಿಕೊಂಡರು. ನಾನು ಏನು ಹೇಳಿದೆ ಗೊತ್ತೆ? "ಥ್ಯಾಂಕ್ಸ್ ಅಮ್ಮ" ಅಂದೆ! ಥ್ಯಾಂಕ್ಸ್ ಹೇಳಿ ಮೆಟ್ಟಿಲಿಳಿದು ರಸ್ತೆಗೆ ಬಂದ ಮೇಲೆ ಅಳು ಬಂತು. ಅವಮಾನ, ಸಿಟ್ಟು, ಅದಕ್ಕಿಂತ ಹೆಚ್ಚಾಗಿ ನನ್ನ ಮೇಲೇ ಅನುಮಾನ. ನಾನೇ ಇಲ್ಲದ್ದನ್ನು ಕಲ್ಪಿಸಿಕೊಂಡು ನಾಟಕ ಮಾಡುತ್ತಿದ್ದೇನೆಯೋ ಏನೋ. ಫೋನ್ ಮಾಡಿದರೆ ನಮ್ಮೆಜಮಾನರು, "ಆಸ್ಪತ್ರೆಯೋರೇ ಹೇಳ್ತಿದಾರಲ್ಲ, ಬುಧವಾರ ಹೋದ್ರಾಯ್ತು" ಅಂದರು.

ಮನೆಗೆ ಬಂದಾಗ ಓನರಮ್ಮ ಜಗುಲಿಯ ಮೇಲೆ ಚೀಲದ ತುಂಬ ಅವರೆಕಾಯಿ ಸುರಿದುಕೊಂಡು ಸುಲಿಯಲು ಕೂತಿದ್ದರು. ಅವರ ಮನೆಗೆ ನಾದಿನಿ ಬರುವವರಿದ್ದರು, ಹಿದುಕಿದ ಬೇಳೆ ಸಾರು ಆಗಬೇಕಿತ್ತು. ನನ್ನ ಮುಖ ನೋಡಿ, "ಯಾಕ್ ತಾಯಿ, ಯಾರ್ ಏನಂದ್ರು?" ಅಂದರು.

"ಏನಿಲ್ಲ, ಸ್ವಲ್ಪ ಕಣ್ಣು..." ಎಂದು ಶುರುಮಾಡಿದವಳು ಗೊಳೋ ಎಂದು ಅತ್ತುಬಿಟ್ಟೆ. ಮಿಂಚು, ಚುಕ್ಕೆ, ಪರದೆ, ಬುಧವಾರ, ಎಲ್ಲ ಹೇಳಿದೆ.

ಓನರಮ್ಮ ಕೂಡಲೇ ಎದ್ದರು. ಆಸ್ಪತ್ರೆಗಲ್ಲ, ಅಡುಗೆಮನೆಗೆ. ಒಣಮೆಣಸಿನಕಾಯಿ, ಉಪ್ಪು ತಂದು ನನಗೆ ನಿವಾಳಿಸಿ ಗ್ಯಾಸಿನ ಉರಿಗೆ ಹಾಕಿದರು. ಮೆಣಸಿನಕಾಯಿ ಸುಟ್ಟರೂ ಘಾಟು ಬರಲಿಲ್ಲ. "ನೋಡ್ದಾ? ಚೂರಾದ್ರೂ ಕೆಮ್ಮು ಬಂತಾ? ರೇಷ್ಮೆ ಸೀರೆ ಹಿಡ್ಕೊಂಡು ಜಗುಲೀಲಿ ಕೂತ್ಕೋಬೇಡ ಅಂತ ಬಡ್ಕೊಂಡೆ. ದೃಷ್ಟಿ ಆಗಿತ್ತು. ಈಗ ಕಣ್ಬಿಟ್ಟು ನೋಡು."

ನೋಡಿದೆ. ಪರದೆ ಅಲ್ಲೇ ಇತ್ತು. ಬೆಳಿಗ್ಗೆಗಿಂತ ಒಂದಿಷ್ಟು ಮೇಲೇರಿತ್ತು.

"ಹೋಗ್ಲಿಲ್ವಾ?"

"ಇಲ್ಲ."

"ಹಂಗಾದ್ರೆ ಇದು ನಂದಲ್ಲ, ಆಸ್ಪತ್ರೆದು. ನಡಿ" ಎಂದರು. ಅಷ್ಟೇ. ಅವರ ಲೆಕ್ಕಾಚಾರದಲ್ಲಿ ರೋಗಗಳು ಎರಡೇ ಬಗೆ. ಸುಲಿಯದ ಅವರೆಕಾಯಿಯನ್ನೆಲ್ಲ ಚೀಲಕ್ಕೆ ತುಂಬಿ, ಒಂದು ಸ್ಟೀಲ್ ಡಬರಿ ಕಂಕುಳಲ್ಲಿ ಇಟ್ಟುಕೊಂಡು ಆಟೋ ಹತ್ತಿದರು. ಇದೆಲ್ಲ ಯಾಕೆ ಅಂದರೆ, "ಅಲ್ಲಿ ಎಷ್ಟೊತ್ತಾಗುತ್ತೋ, ಸಾಯಂಕಾಲ ನಾದಿನಿ ಬರ್ತಾಳೆ" ಅಂದರು. ದಾರಿಯಲ್ಲಿ ನನಗೊಂದೇ ಮಾತು ಹೇಳಿದ್ದು. "ಅಲ್ಲಿ ಬಾಯ್ಬಿಟ್ಟು ಮಾತಾಡು. ಬಾಯಿದ್ದೋನು ಬರಗಾಲದಲ್ಲೂ ಬದುಕ್ದ."

ಓನರಮ್ಮ ಕೌಂಟರಿನಲ್ಲಿ ರಂಪ ಮಾಡುತ್ತಾರೆ ಎಂದು ನಾನು ಹೆದರಿದ್ದೆ. ಮಾಡಲಿಲ್ಲ. ಬಹಳ ಮೆಲ್ಲಗೆ, ಅಂದರೆ ಅವರ ಅಳತೆಯಲ್ಲಿ ಮೆಲ್ಲಗೆ, "ಇವಳ ಕಣ್ಣಿಗೆ ಪರದೆ ಕಟ್ತಿದೆ ತಾಯಿ, ಇವತ್ತೇ ನೋಡ್ಬೇಕು" ಅಂದರು.

"ಆಗ್ಲೇ ಹೇಳಿದೀನಮ್ಮ. ಬುಧವಾರಕ್ಕೆ ಅಪಾಯಿಂಟ್‌ಮೆಂಟ್ ಇದೆ."

"ಸರಿ ಹಾಗಾದ್ರೆ. ಬುಧವಾರದವರ್ಗೂ ಇಲ್ಲೇ ಕೂತಿರ್ತೀವಿ."

"ಹಾಗೆಲ್ಲ ಕೂರಂಗಿಲ್ಲಮ್ಮ ಇಲ್ಲಿ."

"ಅಲ್ಲಮ್ಮ, ಕೂರೋಕೂ ಅಪಾಯಿಂಟ್‌ಮೆಂಟ್ ಬೇಕಾ?"

ಓನರಮ್ಮ ಡಾಕ್ಟರ ಬಾಗಿಲಿಗೆ ಎದುರಾಗಿದ್ದ ಬೆಂಚು ಹಿಡಿದರು. ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡರು. ಮಡಿಲಲ್ಲಿ ಟವಲ್ ಹಾಸಿ, ಕಾಲಡಿ ಡಬರಿ ಇಟ್ಟು, ಅವರೆಕಾಯಿ ಸುಲಿಯಲು ಶುರುಮಾಡಿಯೇಬಿಟ್ಟರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಒಂದು ಕಡೆ ಕಣ್ಣು ಹೋಗುವ ಭಯ, ಇನ್ನೊಂದು ಕಡೆ ಮಾನ ಹೋಗುವ ಭಯ. ಆಶ್ಚರ್ಯ ಏನೆಂದರೆ ಆ ಹೊತ್ತಿನಲ್ಲಿ ಎರಡನೆಯದೇ ದೊಡ್ಡದಾಗಿ ಕಂಡಿತ್ತು ನನಗೆ.

ಆ ಸೊಗಡು ಎಂಥ ಮಾಯೆ ಮಾಡಿತೋ. ಎದುರು ಸಾಲಿನಲ್ಲಿ ಕಣ್ಣಿಗೆ ಡ್ರಾಪ್ಸ್ ಹಾಕಿಸಿಕೊಂಡು, ಕಣ್ಣು ಮುಚ್ಚಿ ಕೂತಿದ್ದ ತಾತ ಒಬ್ಬರು ಮೂಗರಳಿಸಿ, "ಆಹಾ, ಸೊಗಡಿದೆ. ಎಲ್ಲಿ ಕಾಯಿ?" ಅಂದರು. "ನಮ್ದೇ ಮಂಡಿದು, ಮಾಗಡಿ ಕಡೆ ಕಾಯಿ. ಸುಮ್ನೆ ಕೂತಿದೀರಲ್ಲ, ಬನ್ನಿ ಸ್ವಾಮಿ" ಎಂದು ಓನರಮ್ಮ ಅವರ ಮಡಿಲಿಗೂ ಒಂದು ಬೊಗಸೆ ಹಾಕಿದರು. ಆ ಕಡೆಯ ಹೆಂಗಸರಿಬ್ಬರು ತಾವಾಗಿಯೇ ಕೈಚಾಚಿದರು. ಅಲ್ಲಿದ್ದವರಿಗೆಲ್ಲ ಡ್ರಾಪ್ಸ್ ಹಾಕಿ ಕೂರಿಸಿದ್ದರು. ಯಾರಿಗೂ ಹತ್ತಿರದ್ದು ಕಾಣದು. ಆದರೆ ಅವರೆಕಾಯಿ ಸುಲಿಯುವುದಕ್ಕೆ ನಮ್ಮ ಊರಿನವರಿಗೆ ಕಣ್ಣು ಬೇಕೆ? ಬೆರಳು ತಾನಾಗಿಯೇ ಹೋಗುತ್ತದೆ. ಸಾರಿಗೆ ತೆಂಗಿನಕಾಯಿ ಹಾಕಬೇಕೋ ಬೇಡವೋ ಎಂದು ಚರ್ಚೆ ಎದ್ದಿತು. ಸೆಕ್ಯುರಿಟಿಯವರು ಗದರಿಸಲು ಬಂದವರು, "ಉಪ್ಪಿಟ್ಟಿಗೂ ಚೆನ್ನಾಗಿರುತ್ತೆ" ಎಂದು ಹೇಳಿ ಹೋದರು. ನಾನೂ ಒಂದು ಕಣ್ಣಲ್ಲಿ ನೋಡುತ್ತ ಸುಲಿಯತೊಡಗಿದೆ.

ಡಬರಿ ತುಂಬುತ್ತ ಬಂದಾಗ ಓನರಮ್ಮ ಒಂದು ಬೊಗಸೆ ಕಾಳನ್ನು ಪೇಪರಿನಲ್ಲಿ ಹಾಕಿ ಕೌಂಟರಿಗೆ ಒಯ್ದರು. ಲಂಚ ಗಿಂಚ ಅಲ್ಲ, ಅವರು ಅಂಥವರಲ್ಲ. ಹತ್ತಿರದಲ್ಲಿ ಯಾರಿದ್ದರೂ ಕೊಡದೆ ತಿಂದು ಗೊತ್ತಿಲ್ಲ, ಅಷ್ಟೇ. "ತಗೊಳಮ್ಮ, ಸಂಜೆ ಮನೇಲಿ ಸಾರು ಮಾಡ್ಕೊ. ಬೆಳಿಗ್ಗೆಯಿಂದ ಒಂದೇ ಸಮ ಕೂತಿದೀಯ ನೀನೂ" ಎಂದು ಅವಳ ಮುಂದಿಟ್ಟರು.

ಹುಳುವಿಲ್ಲದ ಅವರೆಕಾಯಿ ಉಂಟೆ? ಮನೆಯಲ್ಲಾದರೆ ಸುಲಿಯುವಾಗ ನೋಡಿ ಎಸೆಯುತ್ತೇವೆ. ಇಲ್ಲಿ ಸುಲಿದವರಿಗೆ ಯಾರಿಗೂ ಕಣ್ಣೇ ಕಾಣುತ್ತಿರಲಿಲ್ಲವಲ್ಲ! ಕಿರುಬೆರಳು ದಪ್ಪದ ಹಸಿರು ಹುಳು ಒಂದು ಕಾಳುಗಳ ನಡುವಿನಿಂದ ತಲೆಯೆತ್ತಿ, ನಿಧಾನವಾಗಿ ಕೌಂಟರ್ ದಾಟಿ, ಆ ಹುಡುಗಿಯ ಕೀಬೋರ್ಡಿನ ಮೇಲೆ ಹತ್ತಿತು. ಆಹಾ, ಅವಳು ಕಿರುಚಿದ್ದನ್ನು ಕೇಳಬೇಕಿತ್ತು! ಕುರ್ಚಿ ಹಿಂದಕ್ಕೆ ಬಿತ್ತು. ತಾತ "ಏನಾಯ್ತು, ಏನಾಯ್ತು?" ಎಂದು ಎದ್ದು ನಿಂತು ಮಡಿಲಲ್ಲಿದ್ದ ಕಾಳನ್ನೆಲ್ಲ ನೆಲಕ್ಕೆ ಚೆಲ್ಲಿದರು.

ಡಾಕ್ಟರ ಬಾಗಿಲು ತೆರೆಯಿತು. ನಡುವಯಸ್ಸಿನ ಹೆಂಗಸು, ಕೊರಳಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ. "ಏನ್ ನಡೀತಿದೆ ಇಲ್ಲಿ?"

"ಹುಳ ಡಾಕ್ಟ್ರಮ್ಮ, ಪಾಪದ್ದು, ಏನೂ ಮಾಡಲ್ಲ" ಅಂದರು ಓನರಮ್ಮ. ಹುಳುವನ್ನು ಎರಡು ಬೆರಳಲ್ಲಿ ಎತ್ತಿ ಪೇಪರಿನಲ್ಲಿ ಸುತ್ತುತ್ತಲೇ, "ಅದನ್ನ ನಾನ್ ನೋಡ್ಕೋತೀನಿ. ನೀವು ಇವಳ ಕಣ್ಣು ನೋಡಿ. ಬೆಳಿಗ್ಗೆ ಇಷ್ಟಿದ್ದ ಪರದೆ ಈಗ ಇಷ್ಟಾಗಿದೆ" ಎಂದು ತಮ್ಮ ಮುಖದ ಮೇಲೆ ಕೈಯಿಟ್ಟು ತೋರಿಸಿದರು.

ಡಾಕ್ಟರು ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. "ಮೊದ್ಲು ಮಿಂಚಿನ ಥರ ಬಂತಾ?"

"ಸ್ವಲ್..." ಅಂದೆ. ಓನರಮ್ಮ ತೋಳು ಜಿಗುಟಿದರು. ಈಗಲೂ ನೆನೆದರೆ ಆ ಜಾಗ ಚುರುಗುಟ್ಟುತ್ತದೆ.

"ಬಂತು" ಅಂದೆ. "ನಿನ್ನೆ ಮಿಂಚು ಬಂತು, ಆಮೇಲೆ ಕಪ್ಪು ಚುಕ್ಕೆ ಬಂತು. ಈಗ ಕೆಳಗಡೆಯಿಂದ ಕಾಣ್ತಾನೇ ಇಲ್ಲ. ನಂಗೆ ತುಂಬ ಭಯ ಆಗ್ತಿದೆ ಮೇಡಂ. ನಾನು ಇವತ್ತು ತೋರಿಸ್ದೆ ಇಲ್ಲಿಂದ ಹೋಗಲ್ಲ."

ನನ್ನ ಬಾಯಿಂದ ಅಂಥ ಮಾತು ಬಂದದ್ದು ಅದೇ ಮೊದಲು. ಹುಡುಗಿ ಕೀಬೋರ್ಡ್ ಒರೆಸುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದಳು. ಡಾಕ್ಟರು, "ಒಳಗ್ ಬನ್ನಿ" ಅಂದರು.

ಕಣ್ಣಿನ ಹಿಂಪದರ ಹರಿದಿತ್ತು. ಹಳೆ ಗೋಡೆಯ ಸುಣ್ಣದ ಹಾಗೆ ಬಿಟ್ಟುಕೊಂಡು ಬರುತ್ತಿತ್ತು. ಬುಧವಾರದವರೆಗೆ ಕಾದಿದ್ದರೆ ಆ ಕಣ್ಣಿನ ನೋಟ ಹೋಗಿಯೇಬಿಡುತ್ತಿತ್ತು, ಆಮೇಲೆ ಆಪರೇಷನ್ ಮಾಡಿದರೂ ಪೂರ್ತಿ ಬರುತ್ತಿರಲಿಲ್ಲ ಎಂದರು ಡಾಕ್ಟರು. ಮಾರನೆಯ ಬೆಳಿಗ್ಗೆಯೇ ಆಪರೇಷನ್ ಆಯಿತು. ಹುಬ್ಬಳ್ಳಿಯಿಂದ ಓಡಿಬಂದ ನಮ್ಮೆಜಮಾನರು ಓನರಮ್ಮನ ಎದುರು ಕೈಮುಗಿದು ನಿಂತರೆ, "ನಂಗ್ಯಾಕೆ, ಆ ಹುಳಕ್ಕೆ ಮುಗೀರಿ" ಅಂದರು. ಕೌಂಟರಿನ ಹುಡುಗಿ ನನ್ನ ಹಾಸಿಗೆಯ ಹತ್ತಿರ ಬಂದು, "ಸಾರಿ ಆಂಟಿ. ನೋವು, ಕೆಂಪು ಇದ್ರೆ ಮಾತ್ರ ಅರ್ಜೆಂಟ್ ಅಂತ ನಂಗೆ ಹೇಳ್ಕೊಟ್ಟಿದ್ರು" ಎಂದಳು. ಬೆಳಿಗ್ಗೆಯಿಂದ ಸಂಜೆವರೆಗೆ ಎಷ್ಟು ಜನ ಬಂದು ಅವಳನ್ನು ಬೈಯುತ್ತಾರೋ. ಅವಳ ಮೇಲಿದ್ದ ಕೋಪ ಅಲ್ಲಿಗೆ ಇಳಿಯಿತು. ಕಾಳು ಚೆನ್ನಾಗಿತ್ತು ಅಂತಲೂ ಹೇಳಿದಳು.

ಆಪರೇಷನ್ ಆದ ಮೇಲೆ ಒಂದು ವಿಚಿತ್ರ ಶಿಕ್ಷೆ ಇರುತ್ತದೆ. ಕಣ್ಣೊಳಗೆ ಗಾಳಿಯಂಥದ್ದೇನೋ ತುಂಬಿರುತ್ತಾರೆ. ಅದು ಸರಿಯಾದ ಜಾಗದಲ್ಲಿ ಒತ್ತಿಕೊಂಡಿರಬೇಕಾದರೆ ಹಗಲೂ ರಾತ್ರಿ ಬೋರಲಾಗಿ ಮಲಗಬೇಕು. ಮುಖ ಮೇಲೆತ್ತುವ ಹಾಗಿಲ್ಲ. ಮಂಚದ ತುದಿಯಿಂದ ತಲೆ ಹೊರಗೆ ಚಾಚಿ, ನೆಲ ನೋಡುತ್ತ ದಿನಗಟ್ಟಲೆ ಮಲಗಿದ್ದೆ. ನೆಲದ ರೆಡ್ ಆಕ್ಸೈಡಿನ ಬಿರುಕುಗಳೆಲ್ಲ ಬಾಯಿಪಾಠವಾದವು. ನೋಡಲು ಬಂದವರು ನನ್ನ ಬೆನ್ನಿನ ಜೊತೆ ಮಾತಾಡಿ, ಹಣ್ಣಿಟ್ಟು ಹೋಗುತ್ತಿದ್ದರು.

ಓನರಮ್ಮ ಹಾಗಲ್ಲ. ಮಂಡಿಯಿಂದ ಬಂದವರೇ ಮಹಡಿ ಹತ್ತಿ, ಏದುಸಿರು ಬಿಡುತ್ತ, ನನ್ನ ತಲೆಯ ಕೆಳಗೆ ನೆಲದ ಮೇಲೆ ಗೋಡೆಗೊರಗಿ ಕೂರುತ್ತಿದ್ದರು. ಆ ಶರೀರ ಇಟ್ಟುಕೊಂಡು ನೆಲದಲ್ಲಿ ಕೂರುವುದು ಒಂದು ಸಾಹಸ, ಏಳುವುದು ಇನ್ನೊಂದು. ಆದರೂ ಅಲ್ಲೇ ಕೂತು, ಮುಖವೆತ್ತಿ, ನನ್ನ ಮುಖ ನೋಡಿ ಮಾತಾಡುತ್ತಿದ್ದರು. ಮಡಿಲಲ್ಲಿ ದಂಟಿನ ಸೊಪ್ಪೋ ಮೆಂತ್ಯವೋ ಇರುತ್ತಿತ್ತು. ಬಿಡಿಸುತ್ತ ಬಿಡಿಸುತ್ತ ಮಾರ್ಕೆಟ್ಟಿನ ಕತೆಯೆಲ್ಲ ಹೇಳುವರು. ಯಾರು ಯಾರ ಜೊತೆ ಮಾತು ಬಿಟ್ಟರು, ಯಾವ ಮದುವೆ ಮುರಿಯಿತು, ಟೊಮೆಟೊ ರೇಟು ಯಾಕೆ ಬಿತ್ತು. ಹೊತ್ತಿಗೆ ಸರಿಯಾಗಿ ಡ್ರಾಪ್ಸ್ ಹಾಕುವರು. ಅನ್ನ ಕಲಸಿ ಕೆಳಗಿನಿಂದಲೇ ತುತ್ತು ಕೊಡುವರು. ಒಂದೊಂದು ಸಲ ನಗು ಬಂದು ತುತ್ತು ಅವರ ತಲೆಯ ಮೇಲೇ ಬೀಳುತ್ತಿತ್ತು. ಅಂಥ ಸುಖದ ದಿನಗಳನ್ನು ನಾನು ಜಾಸ್ತಿ ಕಂಡಿಲ್ಲ. ಕಾಯಿಲೆಯ ದಿನಗಳನ್ನು ಸುಖದ ದಿನ ಅಂತಾರಾ ಯಾರಾದರೂ? ನಾನು ಅನ್ನುತ್ತೇನೆ.

ಒಂದು ದಿನ ಕೇಳಿದೆ. ಅವತ್ತು ಅಷ್ಟು ಹಟ ಹಿಡಿದು ಕೂತಿರಲ್ಲ, ಯಾಕೆ ಎಂದು. ಮನಸ್ಸಿನೊಳಗೆ ನಾನೊಂದು ಕತೆ ಕಟ್ಟಿಕೊಂಡಿದ್ದೆ. ಅವರ ಯಜಮಾನರಿಗೆ ಹೀಗೇ ಯಾವುದೋ ಆಸ್ಪತ್ರೆಯವರು ನಾಳೆ ಬನ್ನಿ ಅಂದಿರಬೇಕು, ಆ ಸಂಕಟ ಇವರೊಳಗೆ ಇರಬೇಕು ಎಂದು.

"ಹಂಗೇನಿಲ್ಲ ಕಣೆ" ಅಂದರು ಓನರಮ್ಮ. "ನಮ್ಮನೆಯೋರನ್ನ ಆಸ್ಪತ್ರೆಯೋರು ಚೆನ್ನಾಗೇ ನೋಡಿದ್ರು, ಆಯಸ್ಸು ಇರ್ಲಿಲ್ಲ. ನಂಗೆ ಕೂರೋದು ಬಿಟ್ರೆ ಇನ್ನೇನ್ ಬರುತ್ತೆ ಹೇಳು? ವ್ಯಾಪಾರ ಅಂದ್ರೆ ಕೂರೋದು. ಗಿರಾಕಿ ಬೇಡ ಅಂತ ಹೋಗ್ತಾನೆ, ನಾವು ಕೂತಿರ್ಬೇಕು. ಒಂದ್ ಸುತ್ತು ಹಾಕ್ಕೊಂಡು ವಾಪಸ್ ಬರ್ತಾನೆ. ನಾವೇ ಎದ್ದು ಮನೆಗೆ ಹೋದ್ರೆ ಯಾರ್ ಹತ್ರ ಕೊಳ್ತಾನೆ?"

ಪರದೆ ಹೋಯಿತು. ನೋಟ ಮರಳಿ ಬಂತು. ನಾಲ್ಕಾರು ತಿಂಗಳಲ್ಲಿ ಮತ್ತೆ ಸೂಜಿ ಹಿಡಿದೆ. ಆಮೇಲೆ ವರ್ಷಗಟ್ಟಲೆ ಅದೇ ಮನೆಯಲ್ಲಿದ್ದೆವು. ಓನರಮ್ಮ ಆಡಿಕೊಳ್ಳುವುದು ನಿಲ್ಲಲಿಲ್ಲ. ನನಗೂ ಬೇಕಾದ ಕಡೆ ಬಾಯಿಬಿಡುವುದು ಒಂದಿಷ್ಟು ಅಭ್ಯಾಸವಾಗಿತ್ತು. ಎಷ್ಟರಮಟ್ಟಿಗೆ ಅಂದರೆ, ಒಮ್ಮೆ ಬಾತ್ರೂಮಿನ ಪೈಪ್ ಸೋರುತ್ತಿದೆ ಎಂದು ಅವರ ಹತ್ತಿರವೇ ಜೋರುಮಾಡಿದೆ. "ಅಯ್ಯೋ ಶಿವನೇ, ಇವಳಿಗೆ ಮಾತು ಕಲಿಸಿ ನಾನೇ ಕೆಟ್ಟೆ" ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳಿ, ಮಾರನೆಯ ದಿನವೇ ಪ್ಲಂಬರನ್ನು ಕಳಿಸಿದ್ದರು.

ಅವರು ಹೋದದ್ದು ಒಂದು ಮಧ್ಯಾಹ್ನ. ಊಟ ಮಾಡಿ, ಎಲೆ ಅಡಿಕೆ ಹಾಕಿಕೊಂಡು, "ಹಂಗೇ ಒರಗ್ತೀನಿ" ಎಂದವರು ಏಳಲಿಲ್ಲ. ವಯಸ್ಸಾಗಿತ್ತು. ಒದ್ದಾಡಲಿಲ್ಲ, ಯಾರ ಕೈಲೂ ಮಾಡಿಸಿಕೊಳ್ಳಲಿಲ್ಲ. ಪುಣ್ಯದ ಸಾವು ಅಂದರು ಎಲ್ಲರೂ. ಡಾಕ್ಟರು ಬಂದು ನೋಡಿ ಹೋದ ಮೇಲೆ ಮೂಲೆಯಲ್ಲಿ ನಿಂತು ಅಳುತ್ತಿದ್ದೆ. ಅವರ ಮಗ ಹತ್ತಿರ ಬಂದರು.

"ಅಕ್ಕ, ನೀವೊಂದು ಫೋನ್ ಮಾಡ್ಬೇಕಿತ್ತು. ಕಣ್ಣಿನ ಆಸ್ಪತ್ರೆಗೆ."

ನನಗೆ ಅರ್ಥವಾಗಲಿಲ್ಲ.

"ಅಮ್ಮ ಕಣ್ಣು ಕೊಡ್ಬೇಕು ಅಂತ ಹೇಳಿದ್ರು. ಬೇಗ ಹೇಳ್ಬೇಕಂತೆ, ತಡ ಆದ್ರೆ ಉಪಯೋಗಕ್ಕೆ ಬರಲ್ವಂತೆ. 'ನೀನು ಅಳ್ತಾ ಕೂತಿರ್ತೀಯ, ಮೇಲಿನ ಮನೆಯೋಳ ಹತ್ರ ಮಾಡ್ಸು, ಅವಳಿಗೆ ಈಗ ಕೇಳೋಕೆ ಬರುತ್ತೆ' ಅಂದಿದ್ರು."

ನೆಂಟರಲ್ಲಿ ಹಿರಿಯರೊಬ್ಬರು ಒಪ್ಪಲಿಲ್ಲ. ಕಣ್ಣಿಲ್ಲದೆ ಕಳಿಸಿದರೆ ಮುಂದಿನ ಜನ್ಮಕ್ಕೆ ಕುರುಡಾಗಿ ಹುಟ್ಟುತ್ತಾರೆ ಎಂದು ಹಟ ಹಿಡಿದರು. ಮಗ ಕಣ್ಣೊರೆಸಿಕೊಂಡು ಅವರ ಮುಂದೆ ಹೋಗಿ ನಿಂತರು. "ಅದನ್ನೂ ಅಮ್ಮನ್ನ ಕೇಳಿದ್ದೆ ದೊಡ್ಡಪ್ಪ. 'ಮಂಡಿ ಮುಚ್ಚುವಾಗ ಉಳಿದ ಸೊಪ್ಪು ಮನೆಗೆ ಹೊತ್ಕೊಂಡ್ ಬಂದಿದೀನೇನೋ ಯಾವತ್ತಾದ್ರೂ? ಅಲ್ಲೇ ಹಂಚಿ ತಾನೇ ಬರೋದು?' ಅಂದ್ರು." ಹಿರಿಯರು ತಲೆಯಾಡಿಸಿ ಹಿಂದೆ ಸರಿದರು. ಮಂಡಿಯವರಿಗೆ ಆ ಮಾತು ಅರ್ಥವಾಗದೇ ಇರುತ್ತದೆಯೇ.

ನಂಬರ್ ನನ್ನ ಬೀರುವಿನಲ್ಲಿದ್ದ ಆಸ್ಪತ್ರೆಯ ಫೈಲಿನ ಮೇಲಿತ್ತು. ಮಹಡಿ ಹತ್ತಿ ಹೋಗಿ ಫೋನ್ ಮಾಡಿದೆ. ಕಾಯಿಸುತ್ತಾರೆ, ಬೇರೆ ನಂಬರಿಗೆ ಮಾಡಿ ಅನ್ನುತ್ತಾರೆ, ನಾಳೆ ಅನ್ನುತ್ತಾರೆ, ಹೊತ್ತು ಮೀರಿಹೋಗುತ್ತದೆ, ಓನರಮ್ಮನ ಮಾತು ನನ್ನ ಕೈಯಲ್ಲಿ ಹಾಳಾಗುತ್ತದೆ... ಹೀಗೆ ಏನೇನೋ ಯೋಚನೆ. ಆ ಕಡೆ ಹಲೋ ಅಂದ ಕೂಡಲೇ ಒಂದೇ ಉಸಿರಿಗೆ ಹೇಳಿಬಿಟ್ಟೆ. "ನಮ್ಮ ಮನೆ ಓನರಮ್ಮ ತೀರ್ಕೊಂಡಿದಾರೆ. ಅವ್ರ ಕಣ್ಣು ಕೊಡ್ಬೇಕು. ನೀವು ಈಗ್ಲೇ ಬರ್ಬೇಕು. ಈಗ್ಲೇ."

"ಎಲ್ಲಿಗ್ ಬರ್ಬೇಕು ಹೇಳಿ ಮೇಡಂ. ಹೊರಟ್ವಿ" ಅಂದಿತು ಆ ಕಡೆಯ ದನಿ. "ಫ್ಯಾನ್ ಆಫ್ ಮಾಡ್ಬಿಡಿ. ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟಿರಿ. ಅಷ್ಟರಲ್ಲಿ ನಾವು ಬರ್ತೀವಿ."

ಅಷ್ಟೇ. ಯಾವ ವಾರ ಬರುತ್ತೀರಿ ಅನ್ನಲಿಲ್ಲ, ಲೈನಿನಲ್ಲಿರಿ ಅನ್ನಲಿಲ್ಲ. ಅವರೇ ನಮ್ಮ ಮನೆಗೆ ಬರುತ್ತಾರಂತೆ, ಈಗಲೇ! ನನಗೆ ಅಂಥ ದುಃಖದಲ್ಲೂ ನಗು ಬಂದುಬಿಟ್ಟಿತು. ಇದನ್ನು ಈ ಕ್ಷಣವೇ ಓನರಮ್ಮನಿಗೆ ಹೇಳಬೇಕು, "ನೋಡಿದ್ರಾ, ಅಪಾಯಿಂಟ್‌ಮೆಂಟೇ ಕೇಳಲಿಲ್ಲ" ಅಂದರೆ ಬೀದಿಯ ಆ ತುದಿಗೆ ಕೇಳುವ ಹಾಗೆ ನಗುತ್ತಾರೆ ಎಂದುಕೊಂಡು ದಡದಡ ಮೆಟ್ಟಿಲಿಳಿದೆ. ನಡುಮನೆಯ ಬಾಗಿಲಲ್ಲಿ ಜನ ಸರಿದು ದಾರಿ ಬಿಟ್ಟರು...

ಹತ್ತಿ ಒದ್ದೆ ಮಾಡಿ ಅವರ ಕಣ್ಣ ಮೇಲೆ ನಾನೇ ಇಟ್ಟೆ. ಆಸ್ಪತ್ರೆಯವರು ಅದು ಒಣಗುವ ಮೊದಲೇ ಬಂದರು. ಅವರ ಕೆಲಸ ಮುಗಿದ ಮೇಲೆ ನೋಡಿದರೆ ಓನರಮ್ಮನ ಮುಖದಲ್ಲಿ ಏನೂ ವ್ಯತ್ಯಾಸ ಇರಲಿಲ್ಲ, ನಿದ್ದೆ ಮಾಡುತ್ತಿರುವ ಹಾಗೇ ಇತ್ತು.

ಈಗ ನಾವು ತ್ಯಾಗರಾಜನಗರದಲ್ಲಿದ್ದೇವೆ. ಬಲಗಣ್ಣು ಚೆನ್ನಾಗಿದೆ, ದಾರದ ತುದಿ ಕಾಣುತ್ತದೆ, ಕೆಲಸ ನಡೆದಿದೆ. ಬದುಕಿನ ಮೇಲೆ ದೂರು ಹೇಳುವಂಥದ್ದೇನಿಲ್ಲ. ಆ ಫೋನಿನ ಕತೆಯನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಕೇಳಿದವರೆಲ್ಲ "ಪುಣ್ಯಾತ್ಗಿತ್ತಿ" ಎಂದು ಕೈಮುಗಿಯುತ್ತಾರೆ, ಒಬ್ಬಿಬ್ಬರು ಕಣ್ಣೀರೂ ಹಾಕಿದ್ದಾರೆ. ಯಾರೂ ನಗುವುದಿಲ್ಲ. ಅದು ನಗುವ ಕತೆ ಎಂದು ಗೊತ್ತಾಗುತ್ತಿದ್ದದ್ದು ಅವರೊಬ್ಬರಿಗೇ. ಅವರಿಗೆ ಮಾತ್ರ ಹೇಳಲಾಗಲಿಲ್ಲ.